ಕರಡಿಗೆ ಹಿಡಿಸದ ಉಡುಪು

೧೪ ಡಿಸೆಂಬರ್ ೨೦೦೬, ಗುರುವಾರ
ಹಗರಿಬೊಮ್ಮನಹಳ್ಳಿ

‘ನೀರಿನೊಳಗೆ ಯಾವ ದೇಹಕ್ಕೂ ಭಾರವಿಲ್ಲ.’ ಎಲ್ಲೋ ಓದಿದ ಸಾಲು. ‘ದೇಹ’ವೋ ‘ದುಃಖ’ವೋ ನೆನಪಿಲ್ಲ. ಯಾವುದಾದರೂ ಸುಳ್ಳೇ. ಮುಳುಗಲಿಕ್ಕೆಂದೇ ಸೊಂಟದ ಪಟ್ಟಿಗೆ ಸೀಸದ ತುಂಡುಗಳನ್ನು ಕೊಂಡಿದ್ದೇನೆ.

ಕಡಲಿನ ಡೈವಿಂಗ್‌ಗೆ ಕನ್ನಡಕದ ನಂಬರಿನ ಮಾಸ್ಕ್, ಈಜಲು ಕಾಲಿಗೆ ತೊಡುವ ಫಿನ್ ಆಯ್ದಾಯಿತು. ಉಳಿದದ್ದು ಕಪ್ಪು ರಬ್ಬರಿನ ಉಡುಪು. ಮುಂಬಯಿಯಿಂದ ಗೆಳತಿ ಗಂಗಾಂಬಿಕಾ ಎರಡು ಅಳತೆಯವನ್ನು ಕಳಿಸಿದ್ದಾಳೆ. ನಾಳೆ ಒಂದನ್ನು ವಾಪಸು ಕಳಿಸಬೇಕು. ದೊಡ್ಡದು ಸಡಿಲ, ಒಳಗೆ ತಣ್ಣೀರು ಓಡಾಡುತ್ತದಂತೆ. ಬಿಗಿಯಾದದ್ದರಲ್ಲಿ ಕೊರಳಲ್ಲಿ ತೂಗುವ ಇಷ್ಟಲಿಂಗದ ಬೆಳ್ಳಿ ಡಬ್ಬಿ, ಕರಡಿಗೆ, ಎದೆಗೊತ್ತಿ ಉಸಿರು ಕಟ್ಟುತ್ತದೆ. ಆ ಉಡುಪಾದರೆ ಕರಡಿಗೆ ತೆಗೆದಿಟ್ಟೇ ನೀರಿಗಿಳಿಯಬೇಕು. ಹುಟ್ಟಿದಾಗಿನಿಂದ ಲಿಂಗ ನನ್ನ ಮೈಬಿಟ್ಟಿಲ್ಲ.

ಕಡಲ ತಳ ನೋಡುವ ಆಸೆ ಹೇಳಿದಾಗಲೆಲ್ಲ ನಮ್ಮ ಯಜಮಾನರು ನಗುತ್ತಿದ್ದರು. ಹೋದ ವರ್ಷ ಅವರ ಎಡ ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಿದೆವು. ಈಗ ನಗುವವರಿಲ್ಲ, ಆಸೆಯೂ ಪೆಚ್ಚಾಗಿದೆ.

ಸಂಜೆ ಕರಡಿಗೆಯನ್ನು ದೇವರ ಗೂಡಿನಲ್ಲಿಟ್ಟು ಬಿಗಿ ಉಡುಪು ತೊಟ್ಟು ನೋಡಿದೆ. ಉಸಿರು ಸರಾಗ. ಎದೆ ಮಾತ್ರ ಬೇರೆ ಯಾರದೋ ಎನ್ನಿಸಿತು. ಅಷ್ಟರಲ್ಲಿ ಹೆಪ್ಪಿಗೆಂದು ಪಕ್ಕದ ಮನೆಯ ಕಲ್ಯಾಣಮ್ಮ ಬಂದರು.

‘ಅಯ್ಯ ಶಿವನ, ಎಮ್ಮಿಕರ ಆಗಿಯಲ್ಲ ತಂಗಿ!’

ನಗುತ್ತಿದ್ದವರಿಗೆ ಎರಡು ಅಳತೆಯ, ಕರಡಿಗೆಯ ವಿಷಯ ಹೇಳಿದೆ. ನಗು ನಿಂತಿತು. ಹೆಪ್ಪಿನ ಬಟ್ಟಲು ಹಿಡಿದು ಹೊರಟವರು ಬಾಗಿಲಲ್ಲಿ ತಿರುಗಿ ಅಂದರು:

‘ಸಮುದ್ರದಾಗ ಏನಾರ ಆದ್ರ, ಕೊಳ್ಳಾಗ ಲಿಂಗ ಇಲ್ಲದ ಹೆಣಾನ ನಮ್ಮಾಕಿ ಅಂತ ಯಾರು ಗುರ್ತು ಹಿಡೀತಾರ? ದೊಡ್ಡದು ಇಟಗೋ. ಥಂಡಿ ತಡಕೋಬಹುದು.’