ಕೊಪ್ಪೆಯಾಗದ ಹೊಸ ಕಂಬಳಿ

ಸವಣೂರು,
೨೬ ಡಿಸೆಂಬರ್ ೧೯೩೭

ಪ್ರೀತಿಯ ಅಪ್ಪಾ, ನಿಮ್ಮ ಪರಮೇಶನ ಶರಣಾರ್ಥಿ.

ಕೆಮ್ಮು ಈಗ ಹೇಗಿದೆ? ಕಾಬೂಲಿನ ಚಳಿಗೆ ಬೆರಳು ಮರಗಟ್ಟಿ ಸೀಮೆಸುಣ್ಣ ಹಿಡಿಯಲಾಗುವುದಿಲ್ಲ ಎಂದು ಬರೆದಿದ್ದಿರಿ. ಎರಡು ಜೊತೆ ಕಾಲುಚೀಲ ಹಾಕಿಕೊಳ್ಳುತ್ತೀರಿ ತಾನೆ? ಇಲ್ಲಿ ಅವ್ವ, ನಾನು ಆರಾಮ. ಕ್ರಿಸ್‌ಮಸ್ ರಜೆಗೆ ಧಾರವಾಡದ ಹಾಸ್ಟೆಲಿನಿಂದ ಬಂದಿದ್ದೇನೆ. ಫಸ್ಟ್ ಇಯರ್ ಗಣಿತದ ಪೇಪರು ನೆನೆದರೇ ಹೆದರಿಕೆ; ಗಣಿತದ ಮಾಸ್ತರರ ಮಗ ನಪಾಸಾದರೆ ಹೇಗೆ ಮುಖ ತೋರಿಸಲಿ?

ನಿಮ್ಮ ಪತ್ರ ಬಂದ ದಿನ ಅವ್ವ ನನ್ನಿಂದ ಮೂರು ಸಲ ಓದಿಸಿದಳು. ನಿಮಗೆ ಉರ್ದು ಕಲಿಸಿದ ಜಮಾಲಸಾಬ ಮಾಸ್ತರರೂ ಕೋಲೂರಿಕೊಂಡು ಬಂದು ಕೇಳಿದರು. ಸವಣೂರಿನ ತಮ್ಮ ಶಿಷ್ಯ ಪಠಾಣರ ಮಕ್ಕಳಿಗೆ ಭೂಮಿತಿ ಕಲಿಸುತ್ತಾನೆಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾರಂತೆ, ಕೇಳದವರನ್ನೂ ನಿಲ್ಲಿಸಿ. ಮಸಿ ದೌತಿಯಲ್ಲೇ ಹೆಪ್ಪುಗಟ್ಟಿದ ಬೆಳಿಗ್ಗೆ ನೀವು ಅದನ್ನು ಎದೆಗವಚಿ ಕರಗಿಸಿ ಪಾಠ ನಡೆಸಿದಿರಿ ಎಂಬಲ್ಲಿ ನಾನು ದನಿ ಏರಿಸಿ ಓದಿದೆ. ಹೆಮ್ಮೆಯಿಂದ, ಅಪ್ಪಾ. ಅದರ ಮುಂದೆಯೇ ಆ ಸಾಲು ಬಂತು: "ಭರಮಪ್ಪ ನೇಯ್ದ ಹೊಸ ಕಂಬಳಿ ಮುಟ್ಟಿತು. ನಮ್ಮ ರೈತರಂತೆ ಅದನ್ನು ತಲೆಯಿಂದ ಬೆನ್ನಿಗಿಳಿಯುವ ಕೊಪ್ಪೆಯಾಗಿ ಮಡಿಚಿಕೊಂಡೇ ದಿನಾ ಶಾಲೆಗೆ ಹೋಗುತ್ತೇನೆ."

ಕಂಬಳಿ ನಿಮಗೆ ಮುಟ್ಟಿಲ್ಲ. ಅದು ನನಗೂ ಗೊತ್ತು, ನಿಮಗೂ ಗೊತ್ತು. ಅವ್ವ ಅದನ್ನು ಹಿರೇಕೆರೂರಿನ ಭರಮಪ್ಪನಿಂದ ನೇಯಿಸಿ, ಧಾರವಾಡದಿಂದ ಪಾರ್ಸೆಲ್ ಮಾಡೆಂದು ನನ್ನ ಕೈಗೆ ಕೊಟ್ಟಿದ್ದಳು. ನೇಯುವಾಗ ಹಾಕಿದ ಹುಣಸೆಬೀಜದ ಗಂಜಿ ಕುಡಿದು ಅದು ಹಲಗೆಯಂತೆ ಸೆಟೆದಿತ್ತು. ನನ್ನ ರೂಮಿನ ಹಾನಗಲ್ಲಿನ ನೀಲಪ್ಪ ಅದನ್ನು ಮೂಲೆಗೆ ನಿಲ್ಲಿಸಿ, "ಪರಮೇಶಾ, ನಿಮ್ಮ ಕಾಕಾ ಬಂದಾರ ನೋಡು, ಕುಂದರಾಕ ಹೇಳು" ಎಂದ. ಹಾಸ್ಟೆಲೆಲ್ಲ ನಕ್ಕಿತು. ಕಾಬೂಲಿನ ಸಾಹೇಬರೂ ನಿಮ್ಮನ್ನು ನೋಡಿ ಹೀಗೇ ನಕ್ಕರೆ ಎಂದು ಹೆದರಿ, ಸ್ಕಾಲರ್‌ಶಿಪ್ಪಿನಲ್ಲಿ ಕೆಂಪು ಮಿಲ್ ರಗ್ಗೊಂದನ್ನು ಕೊಂಡು ಕಳಿಸಿಬಿಟ್ಟೆ. ಭರಮಪ್ಪ ನೇಯ್ದ ಹೊಸ ಕಂಬಳಿ ಎಂದು ಅವ್ವ ಬರೆಸಿದ ಚೀಟಿಯನ್ನು ಮಾತ್ರ ತೆಗೆಯುವ ಧೈರ್ಯವಾಗಲಿಲ್ಲ. ಕಂಬಳಿ ನನ್ನ ಟ್ರಂಕಿನ ತಳದಲ್ಲಿದೆ. ಆ ತೆಳು ರಗ್ಗಿನಲ್ಲಿ ನಡುಗುತ್ತ ನೀವು ನನ್ನ ಮಾನ ಕಾಯ್ದಿರಿ. ಅವ್ವನಿಗೆ ಹೇಗೆ ಹೇಳಲಿ?

ಜಮಾಲಸಾಬ ಮಾಸ್ತರರು ಸಲಾಂ ತಿಳಿಸಿದ್ದಾರೆ. ಒಲೆಗೆ ತೀರ ಹತ್ತಿರ ಮಲಗಬಾರದೆಂದು ಅವ್ವನ ತಾಕೀತು.

ನಿಮ್ಮ ಮಗ,
ಪರಮೇಶ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅವ್ವನಿಗೆ ಎಲ್ಲ ಹೇಳಿಬಿಟ್ಟೆ. ಅವಳು ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ. "ನೀ ಮೊದಲನೇ ಸಲ ಓದಿದಾಗನ ಗೊತ್ತಾತು. ನೀರು ಕಾಣದ ಹೊಸಾ ಕಂಬಳಿ ಕೊಪ್ಪಿ ಆಗತೈತೇನು? ಮಸಿ ಹೆಪ್ಪುಗಟ್ಟೋ ಚಳಿಯಾಗ ಅದನ್ನ ಯಾವ ನೀರಾಗ ನೆನಸ್ಯಾರು? ನಿಮ್ಮಪ್ಪಾರಿಗೆ ಲೆಕ್ಕ ಬರತೈತಿ, ಸುಳ್ಳು ಬರಂಗಿಲ್ಲ" ಎಂದಳು. ಮತ್ತೆರಡು ಸಲ ಯಾಕೆ ಓದಿಸಿದೆ ಎಂದು ಕೇಳಿದೆ. "ಮಗನ ಸಲುವಾಗಿ ಬರದಾರಲ್ಲ, ಕೇಳಾಕ ಚಲೋ ಅನಿಸ್ತು" ಅಂದಳು. ಕಂಬಳಿಯನ್ನು ಬಾವಿನೀರಲ್ಲಿ ನೆನೆಸಿ ಇಬ್ಬರೂ ತುಳಿದೆವು. ಅದು ಒಣಗಲೆಂದೇ ಪತ್ರವನ್ನು ಮೂರು ದಿನ ತಡೆದೆ. ಈಗ ಮೆತ್ತಗಾಗಿದೆ. ಅದನ್ನೇ ಕೊಪ್ಪೆ ಹಾಕಿಕೊಂಡು ಪೇಟೆಯ ನಡುವಿನಿಂದ ಪೋಸ್ಟಾಫೀಸಿಗೆ ಹೊರಟಿದ್ದೇನೆ. ಅಲ್ಲೇ ತೆಗೆದು ಪಾರ್ಸೆಲ್ ಹೊಲಿಯುತ್ತೇನೆ.