ತಾರಸಿಯ ಮೇಲಿನ ಸೀಮೆಸುಣ್ಣ

ಡಿಸೆಂಬರ್ 14, ಭಾನುವಾರ
ಹೊಲಿಗೆ ಕೋಣೆಯಿಂದ

ಪ್ರೀತಿಯ ತಂತಿರಾಯನಿಗೆ,

ಅಕ್ಕನ ಆಶೀರ್ವಾದ. ಈ ಹೆಸರು ಕಂಡ ಕೂಡಲೇ ಮುಖ ಸಿಂಡರಿಸಬೇಡ. ನಲವತ್ತು ದಾಟಿದವನನ್ನು ಹೀಗೆ ಕರೆಯಬಾರದು ಎಂದು ನನಗೂ ಗೊತ್ತು. ಆದರೆ ಜೇಬಿನ ತುಂಬ ತಂತಿಯ ತುಂಡು ತುಂಬಿಕೊಂಡು ಓಡಾಡುತ್ತಿದ್ದವನನ್ನು ಬೇರೆ ಹೆಸರಿನಿಂದ ಕರೆಯಲು ನಾಲಿಗೆ ಹೊರಳುವುದಿಲ್ಲ. ಒಗೆಯುವ ಮೊದಲು ನಿನ್ನ ಚಡ್ಡಿಯ ಜೇಬು ತಡಕಿ ನನ್ನ ಬೆರಳಿಗೆ ಎಷ್ಟು ಗಾಯವಾಗಿದೆ ಎಂದು ನಿನಗೇನು ಗೊತ್ತು.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ವರ್ಷಕ್ಕೆರಡು ಸಲ ನೀನು ಮಾಡುವ ಫೋನು "ಚೆನ್ನಾಗಿದ್ದೀಯಾ ಅಕ್ಕ? ನಾನೂ ಚೆನ್ನಾಗಿದ್ದೀನಿ, ಇಡ್ಲಾ?" ಎನ್ನುವುದರಲ್ಲೇ ಮುಗಿದುಹೋಗುತ್ತದೆ. ಅಷ್ಟರೊಳಗೆ ಇಷ್ಟು ದೊಡ್ಡ ವಿಷಯವನ್ನು ತುರುಕಲು ಜಾಗವಿಲ್ಲ. ಭಾವನನ್ನಂತೂ ನೀನು ಕೇಳುವುದೇ ಇಲ್ಲ. ಫೋನು ರಿಂಗಾದಾಗಲೆಲ್ಲ ಅವರು ಪಕ್ಕದಲ್ಲಿ ಬಂದು ನಿಲ್ಲುತ್ತಾರೆ, ನಾನು ಇಟ್ಟ ಮೇಲೆ ಸುಮ್ಮನೆ ಒಳಗೆ ಹೋಗುತ್ತಾರೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಕೆಲಸಕ್ಕೆ ಕರೆಯುವ ಪತ್ರವಲ್ಲ. ನಮ್ಮ ತಾರಸಿಯ ಸೋಲಾರ್ ಹಲಗೆಗಳು ಕೆಟ್ಟಿದ್ದು ನಿಜ, ಆದರೆ ಹೋದ ವಾರ ರಿಪೇರಿ ಮಾಡಿಸಿ, ಸರಿಯಾಗಿವೆ ಎಂದು ಖಾತ್ರಿಯಾದ ಮೇಲೆಯೇ ಪೆನ್ನು ಹಿಡಿದಿದ್ದೇನೆ. ಕೆಲಸ ಕೆಟ್ಟಾಗ ಮಾತ್ರ ಅಕ್ಕನಿಗೆ ತಮ್ಮನ ನೆನಪಾಗುತ್ತದೆ ಎಂದು ನೀನು ಅಂದುಕೊಳ್ಳಬಾರದು.

ಹಲಗೆ ಹಾಕಿದ ಆ ದೊಡ್ಡ ಕಂಪನಿ ಮುಚ್ಚಿಹೋಯಿತು. ಒಂದೂವರೆ ವರ್ಷವೂ ಬಾಳಲಿಲ್ಲ. ಫೋನು ಮಾಡಿದರೆ ಇಂಪಾದ ಸಂಗೀತ ಬರುತ್ತದೆ, ಮನುಷ್ಯರು ಬರುವುದಿಲ್ಲ. ಗೇಟಿಗೆ ಅವರು ಹೊಡೆದು ಹೋದ ಬೋರ್ಡು ಮಾತ್ರ ಮೊನ್ನೆಯವರೆಗೂ ಹೊಳೆಯುತ್ತಿತ್ತು. ನಾನೇ ಸುತ್ತಿಗೆ ತಂದು ಕಿತ್ತು ಹಾಕಿದೆ.

ಎರಡು ವರ್ಷದ ಹಿಂದಿನ ಆ ವಾರವನ್ನು ನಾನು ಎಷ್ಟು ಸಲ ಬಿಚ್ಚಿ ಹೊಲಿದಿದ್ದೇನೋ ಲೆಕ್ಕವಿಲ್ಲ. ಹೊಲಿದಷ್ಟೂ ಸೊಟ್ಟಗಾಗುತ್ತದೆ.

ಮೂವರನ್ನು ಕೇಳಿದ್ದೆವು, ನೆನಪಿದೆಯಲ್ಲ. ಮೊದಲನೆಯವನು ಫೋನಿನಲ್ಲೇ ದರ ಹೇಳಿ ಮುಗಿಸಿದ. ಮನೆಗೆ ಬನ್ನಿ ಎಂದರೆ "ಯಾಕ್ರೀ, ತಾರಸಿ ಅಂದ್ರೆ ತಾರಸೀನೇ ತಾನೆ?" ಎಂದ. ಎರಡನೆಯವನು ಕಂಪನಿಯ ಟೈ ಕಟ್ಟಿದವನು. ನಗುವ ಸಂಸಾರದ ಚಿತ್ರವಿದ್ದ ದಪ್ಪ ಪುಸ್ತಕ ತಂದಿದ್ದ. ಅವನೂ ಮೆಟ್ಟಿಲು ಹತ್ತಲಿಲ್ಲ, ಆಕಾಶದಿಂದ ತೆಗೆದ ನಮ್ಮ ಮನೆಯ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿದ. ನಾನು ಒಣಹಾಕಿದ್ದ ಬಿಳಿ ಹೊದಿಕೆಯನ್ನು ಗಾಜಿನ ಕಿಟಕಿ ಎಂದುಕೊಂಡು, ಅದನ್ನು ಮುಚ್ಚಬೇಕಾಗುತ್ತದೆ, ಪರವಾಗಿಲ್ಲವೇ ಎಂದು ಕೇಳಿದ. ಇಪ್ಪತ್ತೈದು ವರ್ಷದ ಗ್ಯಾರಂಟಿ ಎಂದಾಗ ನಿನ್ನ ಭಾವ, "ಹಲಗೆ ಇರುತ್ತೆ ಸರಿ, ನೀವಿರ್ತೀರಾ?" ಎಂದು ಕೇಳಿದ್ದರು. ಅವನೂ ನಕ್ಕ, ನಾವೂ ನಕ್ಕೆವು.

ಮೂರನೆಯವನು ನೀನು. ನಾನೇ ಜೇಬಿನ ಮೇಲೆ ನಿನ್ನ ಅಂಗಡಿಯ ಹೆಸರನ್ನು ನೀಲಿ ದಾರದಲ್ಲಿ ಹೊಲಿದುಕೊಟ್ಟ ಅಂಗಿಯನ್ನು ಇಸ್ತ್ರಿ ಮಾಡಿ ಹಾಕಿಕೊಂಡು ಬಂದೆ. ಬಾಗಿಲಲ್ಲಿ ನಿಂತು "ನಮಸ್ಕಾರ ಮೇಡಂ, ತಾರಸಿ ನೋಡ್ಬಹುದಾ?" ಎಂದಾಗ ನಿನ್ನ ಭಾವನಿಗೆ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು. "ನನ್ನ ಮೊದಲನೇ ಮನೆ ಅಕ್ಕಂದೇ, ಇದನ್ನ ತೋರಿಸಿ ಉಳಿದೋರ ಮನೆ ಹಿಡೀತೀನಿ" ಎಂದು ನೀನು ಎಲ್ಲರ ಹತ್ತಿರವೂ ಹೇಳಿಕೊಂಡು ಬಂದಿದ್ದೆ.

ಆಮೇಲೆ ನನ್ನ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಇಸಿದುಕೊಂಡು ಮೇಲೆ ಹೋದವನು ಸಂಜೆಯವರೆಗೆ ಇಳಿಯಲಿಲ್ಲ. ಗಂಟೆ ಗಂಟೆಗೂ ನೀರಿನ ಟ್ಯಾಂಕಿನ ನೆರಳು ಎಲ್ಲಿ ಬೀಳುತ್ತದೆ, ಪಕ್ಕದ ಮನೆಯ ಮೆಟ್ಟಿಲ ಕೋಣೆಯ ನೆರಳು ಎಲ್ಲಿಗೆ ಬರುತ್ತದೆ ಎಂದು ಗೆರೆ ಎಳೆದು, ಪಕ್ಕದಲ್ಲಿ ಹೊತ್ತು ಬರೆದೆ. ಊಟವನ್ನೂ ಮೇಲಕ್ಕೇ ತರಿಸಿಕೊಂಡೆ. ಬೇಸಿಗೆಯ ನೆರಳು ಬೇರೆ, ಚಳಿಗಾಲದ ನೆರಳು ಬೇರೆ, ಒಂದು ಹಲಗೆಯ ಮೂಲೆಯ ಮೇಲೆ ನೆರಳು ಬಿದ್ದರೆ ಇಡೀ ಸಾಲು ಸುಸ್ತಾಗುತ್ತದೆ ಎಂದು ನನಗೆ ಬಿಡಿಸಿ ಹೇಳಿದೆ. ಎರಡು ದಿನ ಕೂತು ನಕ್ಷೆ ಬರೆದು ತಂದುಕೊಟ್ಟೆ. ಅಷ್ಟು ಚೊಕ್ಕವಾದ ಅಳತೆಯನ್ನು ನಾನು ಮದುವಣಗಿತ್ತಿಗೂ ತೆಗೆದಿಲ್ಲ.

ಅದೇ ನಕ್ಷೆ ನಮ್ಮ ಮನೆಯಿಂದ ಆ ಕಂಪನಿಯ ಕೈಗೆ ಹೋಯಿತು. ಅದನ್ನಿಟ್ಟುಕೊಂಡೇ ಅವರು ಹಲಗೆ ಕೂರಿಸಿದರು. ಹೇಗೆ ಹೋಯಿತು, ಯಾರು ಕೊಟ್ಟರು ಎಂದು ಈಗ ಕೆದಕುವುದು ಬೇಡ. ಮನೆಯ ಯಜಮಾನರು ಒಂದು ತೀರ್ಮಾನಕ್ಕೆ ಬಂದ ಮೇಲೆ ನನ್ನಂಥವಳ ಮಾತು ಎಷ್ಟು ನಡೆಯುತ್ತದೆ ಎಂದು ನಿನಗೂ ತಿಳಿದಿದೆ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದ್ದಾರೆಯೇ?

ಬ್ಯಾಂಕಿನ ಮೇಡಂ ನೆನಪಿದ್ದಾಳೆಯೇ? ಮಗಳಿಗೆ ಕೋಟು ಹೊಲಿಸಬೇಕೆಂದು ಮೂರು ಸಲ ಬಂದು ಅಳತೆ ಕೊಟ್ಟು, ನಾನು ಕಾಗದದಲ್ಲಿ ಕತ್ತರಿಸಿದ ನಮೂನೆಯನ್ನು "ಮನೆಯವರಿಗೆ ತೋರಿಸಿ ತರ್ತೀನಿ" ಎಂದು ಒಯ್ದು, ಬೇರೆ ಅಂಗಡಿಯಲ್ಲಿ ಹೊಲಿಸಿಕೊಂಡಳಲ್ಲ. ನಾನು ಮೆಷಿನ್ನಿನ ಮೇಲೆ ತಲೆಯಿಟ್ಟು ಅತ್ತಿದ್ದೆ. ಆಗ ನೀನು ಸಮಾಧಾನ ಮಾಡಿದ ಮಾತು ನನಗೆ ಚೆನ್ನಾಗಿ ನೆನಪಿದೆ. "ಅಳತೆ ಕದ್ದೋರಿಗೆ ಕೈ ಕದಿಯೋಕಾಗಲ್ಲ ಬಿಡಕ್ಕ" ಅಂದಿದ್ದೆ. ತಿಂಗಳುಗಟ್ಟಲೆ ಆ ಹೆಂಗಸಿಗೆ ಹಿಡಿಶಾಪ ಹಾಕಿದ ನಾನು, ಅದೇ ಕೆಲಸ ನನ್ನ ಮನೆಯಲ್ಲಿ ನಡೆದಾಗ ಬಾಯಿ ಮುಚ್ಚಿಕೊಂಡಿದ್ದೆ.

ಆ ಮಂಗಳವಾರ ಮಧ್ಯಾಹ್ನ ನೀನು ಸ್ಕೂಟರಿನಲ್ಲಿ ಬಂದೆ. ನನ್ನ ಉತ್ತರ ಕೇಳಲು ಬಂದಿದ್ದೆ ಎಂದುಕೊಂಡಿದ್ದೆ. ಗೇಟಿನಲ್ಲಿ ಕಂಪನಿಯ ವ್ಯಾನು ನಿಂತಿತ್ತು. "ಭಾವ ಒಪ್ಪಲಿಲ್ಲ ಕಣೋ, ನಾನೇನು ಮಾಡ್ಲಿ" ಎಂದೆ. ನೀನು ಮೆಟ್ಟಿಲು ಹತ್ತಿದೆ. ಮೇಲೆ ಆ ಕೆಲಸಗಾರರು ನಿನ್ನ ನಕ್ಷೆ ಗಾಳಿಗೆ ಹಾರದಂತೆ ಕಲ್ಲಿಟ್ಟು ನೋಡುತ್ತಿದ್ದರು. ನೀನು ಒಂದು ಗಳಿಗೆ ನಿಂತು ನೋಡಿ ಇಳಿದು ಬಂದೆ. ಬೈಯುತ್ತೀಯ ಎಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನೀನು ಹೇಳಿದ್ದು ಇಷ್ಟೇ: "ಆ ಕೊನೇ ಹಲಗೇನ ಒಂದಡಿ ಈಚೆಗೆ ತರೋಕೆ ಹೇಳಕ್ಕ. ನಕ್ಷೇನ ತಪ್ಪಾಗಿ ಓದಿದ್ದಾರೆ. ಚಳಿಗಾಲದಲ್ಲಿ ಟ್ಯಾಂಕಿನ ನೆರಳು ಬೀಳುತ್ತೆ." ನೀರು ಕುಡಿದು, ಲೋಟ ತೊಳೆದು ಮಗುಚಿಟ್ಟು ಹೊರಟುಹೋದೆ. ಅಂದಿನಿಂದ ಈ ಮನೆಯ ಹೊಸಲು ತುಳಿದಿಲ್ಲ.

ನಾನು ಅವರಿಗೆ ಹೇಳಲಿಲ್ಲ ಕಣೋ. ಹೇಳಿದರೆ "ಯಾರು ಹೇಳಿದ್ದು ಮೇಡಂ?" ಎಂದು ಕೇಳುತ್ತಾರೆ, ನಾನು ನನ್ನ ತಮ್ಮ ಎನ್ನಬೇಕಾಗುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ಅದೇ ಡಿಸೆಂಬರಿನಲ್ಲಿ ಮೂರು ಗಂಟೆಗೆ ಸರಿಯಾಗಿ ಟ್ಯಾಂಕಿನ ನೆರಳು ಆ ಹಲಗೆಯ ಮೂಲೆಯ ಮೇಲೆ ಬಂದು ಕೂತಿತು. ಇಡೀ ಸಾಲು ಸುಸ್ತಾಯಿತು. ಈ ವರ್ಷ ಆ ಸಾಲು ಪೂರ್ತಿ ನಿಂತೇ ಹೋಯಿತು.

ರಿಪೇರಿಗೆ ಬಂದವಳು ಎರಡು ಬೀದಿ ಆಚೆಯ ಇನ್ವರ್ಟರ್ ಅಂಗಡಿಯವಳು, ದಪ್ಪ ಕನ್ನಡಕದ ಹೆಂಗಸು. ಹಲಗೆ ಎತ್ತಿದಾಗ ಅವಳು ನನ್ನನ್ನು ಕೂಗಿ ಕರೆದಳು. ಮಳೆ ತಾಗದ ಜಾಗದಲ್ಲಿ ನಿನ್ನ ಎರಡು ಗೆರೆಗಳು ಇನ್ನೂ ಇದ್ದವು. ಒಂದರ ಪಕ್ಕದಲ್ಲಿ ಎರಡು, ಇನ್ನೊಂದರ ಪಕ್ಕದಲ್ಲಿ ಮೂರು. ನಿನ್ನ ಮೂರು ಈಗಲೂ ತಲೆ ಬಾಗಿಸಿಯೇ ನಿಲ್ಲುತ್ತದೆ. "ಇದು ಅವನ ಬರಹ ಅಲ್ವಾ?" ಎಂದು ಅವಳೇ ಗುರುತು ಹಿಡಿದಳು. ನೀನು ಸಾಮಾನು ತರುತ್ತಿದ್ದುದು ಅವಳ ಅಂಗಡಿಯಿಂದಲೇ ಅಂತೆ. ನಾನು ಅವನ ಅಕ್ಕ ಎಂದಾಗ ಅವಳು ಕನ್ನಡಕ ತೆಗೆದು ಒರೆಸಿಕೊಂಡು, ಆಮೇಲೆ ಮಾತನಾಡಿದಳು.

ನನಗೆ ಗೊತ್ತಿಲ್ಲದ್ದನ್ನೆಲ್ಲ ಅವಳಿಂದ ತಿಳಿದೆ. ಆ ಮಂಗಳವಾರ ನೀನು ಉತ್ತರ ಕೇಳಲು ಬಂದಿದ್ದಲ್ಲವಂತೆ. ನಮ್ಮ ತಾರಸಿಯ ಅಳತೆಗೆ ಹಲಗೆ ಕೂರಿಸುವ ಅಲ್ಯೂಮಿನಿಯಂ ಪಟ್ಟಿಗಳನ್ನು ಆಗಲೇ ಕತ್ತರಿಸಿಟ್ಟು, ಯಾವಾಗ ತರಲಿ ಎಂದು ಕೇಳಲು ಬಂದಿದ್ದೆಯಂತೆ. ಅಕ್ಕ ಬೇಡ ಎನ್ನಬಹುದು ಎಂದು ನಿನಗೆ ಹೊಳೆದೇ ಇರಲಿಲ್ಲ. ಒಬ್ಬರ ಮೈಗೆ ಕತ್ತರಿಸಿದ ಬಟ್ಟೆ ಇನ್ನೊಬ್ಬರಿಗೆ ಬರುವುದಿಲ್ಲ, ಅದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಮೇಲೆ ನೀನು ಯಾರ ಮನೆಗೆ ಹೋದರೂ "ನಿಮ್ಮಕ್ಕನ ಮನೇಲೇ ಬೇರೆ ಕಂಪನಿದಿದೆಯಲ್ಲ?" ಎಂದು ಕೇಳಿದರಂತೆ. ವರ್ಷ ತುಂಬುವುದರೊಳಗೆ ಅಂಗಡಿ ಮುಚ್ಚಿದೆಯಂತೆ. ನನಗೆ ಮಾತ್ರ ಫೋನಿನಲ್ಲಿ "ಲಿಫ್ಟ್ ಕಂಪನೀಲಿ ಒಳ್ಳೆ ಕೆಲಸ ಸಿಕ್ತು" ಎಂದಿದ್ದೆ. ಬಿಸಿಲನ್ನು ಗಂಟೆ ಗಂಟೆಗೂ ಅಳೆದವನು ಈಗ ದಿನವಿಡೀ ಬಿಸಿಲೇ ಕಾಣದ ಲಿಫ್ಟಿನ ಗುಂಡಿಯಲ್ಲಿ ಟಾರ್ಚು ಹಿಡಿದು ಕೂರುತ್ತೀಯ.

ಅವಳು ಆ ಹಲಗೆಯನ್ನು ಒಂದಡಿ ಈಚೆಗೆ ತಂದಳು. ನಿನ್ನೆ ಮೂರು ಗಂಟೆಗೆ ಹೋಗಿ ನೋಡಿದೆ. ನೆರಳು ಹಲಗೆಯ ಪಕ್ಕದಲ್ಲೇ ಹಾದುಹೋಯಿತು.

ಇನ್ನು ನಾನು ಕೇಳಬೇಕೆಂದಿರುವುದು ಒಂದೇ. ಚಿಕ್ಕಮ್ಮನ ಮುಂದೆ ನೀನು "ಭಾವ ನಗುನಗ್ತಾನೇ ಕುತ್ತಿಗೆ ಕೊಯ್ದ್ರು" ಎಂದೆಯಂತೆ. ಅವಳ ಮಗನ ಮದುವೆಯಲ್ಲಿ ಅವರು ನಿನ್ನ ಹೆಗಲ ಮೇಲೆ ಕೈಯಿಟ್ಟಾಗ ನೀನು ಕೈ ಸರಿಸಿ ಹೋದದ್ದನ್ನು ನಾನೇ ಕಣ್ಣಾರೆ ಕಂಡೆ. ಈಗಲೂ ಪ್ರತಿ ಭಾನುವಾರ ಅವರು ಚದುರಂಗದ ಹಲಗೆ ಹರಡುತ್ತಾರೆ. ನೀನಿಲ್ಲವಲ್ಲ, ಬಲಗೈಗೂ ಎಡಗೈಗೂ ಆಟ. ಎಡಗೈ ಮೋಸ ಮಾಡುತ್ತದೆ ಎಂದು ಜಗಳ ಬೇರೆ. ಅವರಿಗೂ ವಯಸ್ಸಾಯಿತು. ಏನೋ ಅವತ್ತು ಅವರಿಗೆ ತಿಳಿಯಲಿಲ್ಲ. ದೊಡ್ಡ ಮನಸ್ಸು ಮಾಡಿ ಭಾವನನ್ನು ಕ್ಷಮಿಸಿಬಿಡು. ಒಂದು ಭಾನುವಾರ ಬಾ. ಊಟಕ್ಕೇ ಬಾ.

ನಿನ್ನ ದಾರಿ ನೋಡುತ್ತಿರುವ,
ಅಕ್ಕ

ಮರೆತದ್ದು:

ಮರೆತದ್ದು ಎಂದು ಬರೆದದ್ದೂ ಸುಳ್ಳೇ. ಯಾವುದನ್ನೂ ಮರೆತಿರಲಿಲ್ಲ.

ವಿಳಾಸ ಬರೆಯಲೆಂದು ಪತ್ರವನ್ನು ನಿನ್ನ ಭಾವನ ಕೈಗೆ ಕೊಟ್ಟಿದ್ದೆ, ಅವರ ಅಕ್ಷರ ದುಂಡಗಿದೆ ಎಂದು. ಲಕೋಟೆ ಅಂಟಿಸಿರಲಿಲ್ಲ. ಓದುತ್ತಾರೆ ಎಂದು ನನಗೆ ಗೊತ್ತಿರಲಿಲ್ಲವೋ, ಓದಲಿ ಎಂದೇ ಕೊಟ್ಟೆನೋ, ದೇವರಾಣೆ ತಿಳಿಯದು. ಓದಿ ಮುಗಿಸಿ ಕಾಗದವನ್ನು ಮೊದಲಿನ ಮಡಿಕೆಗೇ ಮಡಿಚಿದರು. "ಎರಡು ವರ್ಷದಿಂದ ಅವನಿಗೆ ನಾನೇನಂದೆ, ಏನಂದೆ ಅಂತ ಯೋಚಿಸ್ತಾನೇ ಇದ್ದೆ. ಇದಾ?" ಎಂದರು. ಅಷ್ಟೇ. ಆಮೇಲೆ ಅವರೇ, "ಇರ್ಲಿ, ಹಾಗೇ ಕಳಿಸು. ಅವನಿಗೆ ಒಡಹುಟ್ಟಿದೋಳು ಅಂತ ಇರೋದು ನೀನೊಬ್ಳೇ. ನನ್ನ ಮೇಲೇ ಇರ್ಲಿ" ಎಂದು ಲಕೋಟೆ ನನ್ನ ಕೈಗಿಟ್ಟರು.

ತಮ್ಮಾ, ನಿನ್ನ ಭಾವ ಒಪ್ಪದೇ ಇರಲಿಲ್ಲ. ನೀನು ನಕ್ಷೆ ಕೊಟ್ಟು ಹೋದ ದಿನವೇ, "ತಾರಸಿ ಹತ್ತಿದೋನು ಅವನೊಬ್ನೇ, ಅವನಿಗೇ ಕೊಡು" ಎಂದಿದ್ದರು. ಬೇಡ ಎಂದವಳು ನಾನು. ಅವರಿಗೆ ನಾನು ಹೇಳಿದ್ದೇನು ಗೊತ್ತೇ? ನೀನೇ ನಿನ್ನಿಂದ ಈ ಕೆಲಸ ಆಗುವುದಿಲ್ಲ ಎಂದು ಕೈಬಿಟ್ಟೆ ಎಂದು ಹೇಳಿದ್ದೆ. ಆ ನಕ್ಷೆಯನ್ನು ಟೈಯವನ ಕೈಗೆ ಕೊಟ್ಟಿದ್ದೂ ನಾನೇ, ಇದೇ ಮೆಷಿನ್ನಿನ ಪಕ್ಕದಲ್ಲಿ ನಿಂತು. ನಿನಗೆ ಮೂವತ್ತಾದರೂ, ನಲವತ್ತಾದರೂ ನನ್ನ ಕಣ್ಣಿಗೆ ನೀನು ನನ್ನ ಮೆಷಿನ್ನಿನ ಮೋಟಾರು ಸುಟ್ಟ ಹುಡುಗನೇ ಆಗಿದ್ದೆ. ಹೊಲಿಸಲು ಬರುವವರು ಹಲಗೆ ಯಾರು ಹಾಕಿದ್ದು ಎಂದು ಕೇಳಿದರೆ ನನ್ನ ತಮ್ಮ ಎನ್ನಲು ನಾಚಿಕೆಯಾಯಿತು. ಗೇಟಿಗೆ ಹೊಳೆಯುವ ಬೋರ್ಡು ಬೇಕಾಗಿತ್ತು ನನಗೆ.

ಅವರು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ, ಅಂಚೆ ಡಬ್ಬಿಗೆ ಹಾಕಲು. ನಾನು ಇನ್ನೂ ಏನು ಬರೆಯುತ್ತಿದ್ದೇನೆ ಎಂದು ಕೇಳಲಿಲ್ಲ. ಇದನ್ನು ಓದಿದ ಮೇಲೆ ನನಗೆ ಫೋನು ಮಾಡಬೇಡ. ಅವರಿಗೆ ಮಾಡು.