ಹಲ್ಲಿನ ಗುರುತಿದ್ದ ಪಿಕ್

ಅಣ್ಣಾ,

ಇವತ್ತು ನನ್ನ ಗಿಟಾರ್ ಕ್ಲಾಸಿಗೆ ಬರುವ ಹಲ್ಲಿನ ಡಾಕ್ಟರಮ್ಮ ತಂತಿ ಮೀಟುವ ಬಿಲ್ಲೆ ಇದೆಯಲ್ಲ, ಪಿಕ್, ಅದರಲ್ಲಿ ದಪ್ಪದ್ದನ್ನು ಹಿಡಿದು ಬಾರಿಸುತ್ತಿದ್ದರು. ತಟ್ಟೆಗೆ ಚಮಚ ಬಡಿದಂತಹ ಸದ್ದು. ನನ್ನ ಡಬ್ಬಿಯಲ್ಲಿದ್ದ ತೆಳು ನೈಲಾನ್ ಪಿಕ್ ಕೊಟ್ಟು, "ದಪ್ಪದ್ದು ಒಂದೊಂದೇ ತಂತಿ ಮೀಟೋಕೆ ಸರಿ. ಹಾಡಿನ ಜೊತೆ ನುಡಿಸೋವಾಗ ಪಿಕ್ ಬಾಗಬೇಕು, ತಂತಿ ಅಲ್ಲ" ಎಂದೆ. ನಿನ್ನದೇ ಮಾತು, ನಿನ್ನದೇ ಗತ್ತು. ಆಕೆ ನುಡಿಸಿದರು. ಗಿಟಾರಿನ ಮರದ ದನಿ ತುಂಬಿ ಬಂತು, ಎಲ್ಲರೂ ತಲೆದೂಗಿದರು.

"ಯಾರು ಹೇಳಿಕೊಟ್ಟಿದ್ದು ಸಾರ್?"

"ಯಾರೂ ಇಲ್ಲ, ನಾನೇ ಕಂಡ್ಕೊಂಡಿದ್ದು."

ನಮ್ಮಣ್ಣ ಎಂದಿದ್ದರೆ, ಈಗೆಲ್ಲಿದ್ದಾರೆ ಎನ್ನುತ್ತಿದ್ದರು. ಆಮೇಲೆ, ಕೊನೆಗಾಲದಲ್ಲಿ ಜೊತೆಗೆ ಯಾರಿದ್ದರು ಎಂದೂ ಕೇಳುತ್ತಿದ್ದರು. ನಾನಿರಲಿಲ್ಲವಲ್ಲ.

ಆಕೆ ಪಿಕ್ಕನ್ನು ಬೆಳಕಿಗೆ ಹಿಡಿದರು. "ಇದ್ಯಾರೋ ಮುಂದಿನ ಹಲ್ಲು ಮುರಿದಿರೋರು ಕಚ್ಚಿರೋ ಗುರುತು. ಯಾರದು?"

ಶ್ರುತಿ ಮಾಡುವಾಗ ಅದನ್ನು ಕಚ್ಚಿಕೊಂಡೇ ನೀನು ನನ್ನನ್ನು ಬೈಯುತ್ತಿದ್ದೆಯಲ್ಲ.

ಒಂದೂ ಮುಕ್ಕಾಗದ ಹಲ್ಲುಗಳನ್ನು ಬಾಯಿ ತುಂಬ ಇಟ್ಟುಕೊಂಡು, ಹಲ್ಲಿನ ಡಾಕ್ಟರೆದುರು, "ನಂದೇ" ಎಂದೆ ಅಣ್ಣಾ.

ಆಕೆ ನನ್ನ ಬಾಯಿಯನ್ನೊಮ್ಮೆ ನೋಡಿದರು. ಆ ತೆಳು ಪಿಕ್ಕನ್ನು ನನ್ನ ಡಬ್ಬಿಗೆ ಹಾಕಿ, ತಮ್ಮ ದಪ್ಪ ಪಿಕ್ಕನ್ನೇ ಮತ್ತೆ ಎತ್ತಿಕೊಂಡರು.